ಕೃಷಿ ಹೊಂಡದ ಅಂಚಿನಲ್ಲಿ ಮಗು
ಮಳೆಯಾಶ್ರಿತ ಹೊಲಗಳಲ್ಲಿ ನೀರು ಹಿಡಿದಿಡಲು 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಕರ್ನಾಟಕದಲ್ಲಿ ಹೆಚ್ಚಿದ ಕೃಷಿ ಹೊಂಡಗಳು ಬೆಳೆಗೆ ಆಸರೆಯಾದರೂ, ಇಳಿಜಾರು ಬದಿಗೆ ಹಾಸಿದ ಪಾಲಿಥೀನ್ ಹಾಳೆ ಪಾಚಿಗಟ್ಟಿ ಜಾರುವುದರಿಂದ, ಬಿದ್ದ ಮಗುವಿಗಷ್ಟೇ ಅಲ್ಲ, ಅದನ್ನು ಎತ್ತಲು ಧುಮುಕಿದ ತಾಯಿಗೂ ಮೇಲೇರಲು ಹಿಡಿತ ಸಿಗುವುದಿಲ್ಲ. ಮುಳುಗುವ ಮಗು ಕೂಗಿಕೊಳ್ಳುತ್ತದೆಂಬ ನಂಬಿಕೆ ತೀರ ಅಪಾಯಕಾರಿಯಾದುದು. ಬಾಯಿ ನೀರಿನ ಮೇಲೆ ಬಂದ ಕ್ಷಣವೆಲ್ಲ ಉಸಿರೆಳೆಯುವುದರಲ್ಲೇ ಕಳೆಯುವುದರಿಂದ ಅದು ಸದ್ದಿಲ್ಲದೆ, ನಿಮಿಷದೊಳಗೇ ಮುಳುಗಬಹುದು. ಹೊರತೆಗೆದ ಮಗುವನ್ನು ತಲೆಕೆಳಗೆ ಹಿಡಿದು ಹೊಟ್ಟೆ ಒತ್ತುವುದು ಹಲವೆಡೆ ರೂಢಿಯಲ್ಲಿದ್ದರೂ, ಉಸಿರು ನಿಂತಿದ್ದಾಗ ನೆರವಾಗುವುದು ಬಾಯಿಗೆ ಬಾಯಿಟ್ಟು ಗಾಳಿ ತುಂಬಿ, ಎದೆ ಒತ್ತಿ ರಕ್ತ ಹರಿಸುವ ಸಿಪಿಆರ್ ಎಂಬ ಕ್ರಮ. ಚೇತರಿಸಿಕೊಂಡಂತೆ ಕಂಡರೂ ಕೆಮ್ಮು, ಏದುಸಿರು ಇರುವ ಮಗುವಿನ ಶ್ವಾಸಕೋಶ ಕೆಲ ಗಂಟೆಗಳ ನಂತರ ಹದಗೆಡಬಹುದಾದ್ದರಿಂದ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಲೇಬೇಕು. ಹೊಂಡದ ಸುತ್ತ ಬೇಲಿಯೂ, ಗೂಟಕ್ಕೆ ಕಟ್ಟಿ ನೀರಿಗಿಳಿಬಿಟ್ಟ ಗಂಟುಹಗ್ಗವೂ ಇರುವುದು ಅತ್ಯಗತ್ಯ.