ರಕ್ತ ಕಡಿಮೆ, ಕೀಲು ಬೇನೆ, ಎಲುಬು ಸವೆತ



ಮುಂಜಾನೆ ಎದ್ದ ಕೂಡಲೇ ಕೈಬೆರಳು ಮಡಚಲು ಬರುವುದಿಲ್ಲ. ರೊಟ್ಟಿ ಬಡಿಯಲು ಕುಳಿತರೆ ಮಣಿಕಟ್ಟು ನೋಯುತ್ತದೆ. ಒಂದು ತಾಸು ಕಳೆದ ಮೇಲೆ ಕೈ ಸ್ವಲ್ಪ ಸಡಿಲಾಗುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಬಾತಿರುತ್ತವೆ. ಇಂಥವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದಾರೆಯೇ?

ಇದು ವಯಸ್ಸಾದವರಿಗೆ ಬರುವ ಮೊಣಕಾಲು ಸವೆತವಲ್ಲ. ಡಾಕ್ಟರರು ಇದಕ್ಕೆ ರುಮಟಾಯ್ಡ್ ಸಂಧಿವಾತ ಅಂತಾರೆ. ಆಮವಾತ ಎನ್ನುವವರೂ ಉಂಟು. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮ ಮೈಯ ಶಕ್ತಿಯೇ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಇದು ಎರಡು-ಮೂರು ಪಟ್ಟು ಹೆಚ್ಚು. ಮೂವತ್ತು, ನಲವತ್ತರ ವಯಸ್ಸಿನಲ್ಲೇ ಶುರುವಾಗಬಹುದು.

ಈ ಬೇನೆ ಇರುವವರ ಮುಖ ಅನೇಕ ಸಲ ಬಿಳಿಚಿಕೊಂಡಿರುತ್ತದೆ. ನಾಲ್ಕು ಹೆಜ್ಜೆ ನಡೆದರೆ ದಣಿವು. ಆಗ ಎಲ್ಲರೂ ಹೇಳುವ ಮಾತು ಒಂದೇ: "ರಕ್ತ ಕಡಿಮಿ ಆಗೇದ, ಕಬ್ಬಿಣದ ಗುಳಿಗಿ ತಗೋ." ಈ ಮಾತು ಎಲ್ಲರಿಗೂ ಸರಿಹೋಗುವುದಿಲ್ಲ. ಯಾಕೆ ಅಂತ ನೋಡೋಣ.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಅಕ್ಕಲಕೋಟೆ, ಜತ್ತ ಕಡೆಯ ಹಳೆಯ ವಾಡೆಗಳಲ್ಲಿ ಈಗಲೂ ಹಗೇವಿನ ಗುರುತು ಸಿಗುತ್ತದೆ. ಮರಾಠಿಯವರು ಅದಕ್ಕೆ ಪೇವ ಅಂತಾರೆ. ಹಗೇವು ತುಂಬ ಜೋಳ ಇದೆ, ಆದರೆ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದೆ ಎಂದುಕೊಳ್ಳಿ. ಮನೆಯಲ್ಲಿ ರೊಟ್ಟಿಗೆ ಹಿಟ್ಟಿಲ್ಲ. ಇದನ್ನು ಬರಗಾಲ ಅನ್ನಬೇಕೋ? ಸಂಧಿವಾತದವರ ಮೈಯಲ್ಲಿ ಕಬ್ಬಿಣದ ಗತಿ ಹೀಗೆಯೇ ಆಗುತ್ತದೆ.

ದೊಡ್ಡವರ ಮೈಯಲ್ಲಿ ಸುಮಾರು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ಹೆಚ್ಚಿನದು ಕೆಂಪು ರಕ್ತಕಣಗಳಲ್ಲಿ. ಒಂದು ಕೆಂಪು ಕಣ ಬದುಕುವುದು ಸುಮಾರು 120 ದಿನ. ಅದು ಸತ್ತಾಗ ಒಳಗಿನ ಕಬ್ಬಿಣವನ್ನು ಮೈ ಬಿಸಾಡುವುದಿಲ್ಲ, ತೆಗೆದಿಟ್ಟುಕೊಂಡು ಹೊಸ ಕಣ ಕಟ್ಟಲು ಬಳಸುತ್ತದೆ. ಹೀಗೆ ದಿನಕ್ಕೆ 20 ಮಿಲಿಗ್ರಾಂಗೂ ಹೆಚ್ಚು ಹಳೆಯ ಕಬ್ಬಿಣ ತಿರುಗುತ್ತದೆ. ಊಟದಿಂದ ಹೊಸದಾಗಿ ಸೇರುವುದು ದಿನಕ್ಕೆ ಬರೀ 1ರಿಂದ 2 ಮಿಲಿಗ್ರಾಂ.

ಈ ಹಗೇವಿಗೆ ಕಲ್ಲು ಮುಚ್ಚುವ ಕೆಲಸ ಹೆಪ್ಸಿಡಿನ್ ಎಂಬ ರಸದ್ದು. ಅದನ್ನು ತಯಾರಿಸುವುದು ನಮ್ಮ ಯಕೃತ್ತು, ಅಂದರೆ ಲಿವರ್. ವಿಜ್ಞಾನಿಗಳಿಗೆ ಇದು ಸಿಕ್ಕಿದ್ದು 2000-01ರ ಸುಮಾರಿಗೆ. ಮೈಯಲ್ಲಿ ಉರಿಯೂತ ಎದ್ದಾಗ ಹೆಪ್ಸಿಡಿನ್ ಹೆಚ್ಚಾಗುತ್ತದೆ. ಕೂಡಿಟ್ಟ ಕಬ್ಬಿಣ ಹೊರಬರದಂತೆ ತಡೆಯುತ್ತದೆ, ಕರುಳಿನಿಂದ ಹೊಸದು ಒಳಬರದಂತೆಯೂ ತಡೆಯುತ್ತದೆ. ಇದರ ಹಿಂದೆ ಜಾಣತನವಿದೆ: ರೋಗಾಣುಗಳು ಬೆಳೆಯಲು ಕಬ್ಬಿಣ ಬೇಕು, ಅದು ಅವುಗಳ ಕೈಗೆ ಸಿಗದಿರಲಿ ಎಂದು ಮೈ ಬಚ್ಚಿಡುತ್ತದೆ. ನಾಲ್ಕು ದಿನದ ಜ್ವರಕ್ಕೆ ಇದು ಒಳ್ಳೆಯದೇ. ಆದರೆ ಸಂಧಿವಾತದ ಉರಿಯೂತ ವರ್ಷಗಟ್ಟಲೆ ಇರುತ್ತದೆ. ಕಲ್ಲು ಮುಚ್ಚಿದ್ದು ಮುಚ್ಚಿಯೇ ಇರುತ್ತದೆ.

ಇಂಥವರು ತಾವೇ ಅಂಗಡಿಯಿಂದ ಕಬ್ಬಿಣದ ಗುಳಿಗೆ ತಂದು ನುಂಗಿದರೆ ರಕ್ತ ಅಷ್ಟಾಗಿ ಏರುವುದಿಲ್ಲ. ಹೊಟ್ಟೆ ಕಟ್ಟುವುದು, ವಾಕರಿಕೆ ಮಾತ್ರ ಲಾಭ! ಕೀಲಿನ ಉರಿಯೂತಕ್ಕೆ ಸರಿಯಾದ ಔಷಧ ಹತ್ತಿದರೆ ಎಷ್ಟೋ ಜನರ ರಕ್ತ ತಾನಾಗಿಯೇ ಏರುತ್ತದೆ.

ಹಾಗಂತ ಕಬ್ಬಿಣದ ಗುಳಿಗೆಯೇ ಬೇಡ ಎಂದು ತಿಳಿಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಜನರಿಗೆ ರಕ್ತಹೀನತೆ ಇದೆ. ಗರ್ಭಿಣಿಯರು, ಹರೆಯದ ಹುಡುಗಿಯರು ಸರಕಾರಿ ಗುಳಿಗೆಯನ್ನು ತಪ್ಪದೆ ನುಂಗಬೇಕು. ಸಂಧಿವಾತ ಇರುವವರಲ್ಲಿಯೂ ಕೆಲವರಿಗೆ ಹಗೇವು ನಿಜವಾಗಿಯೇ ಬರಿದಾಗಿರುತ್ತದೆ. ಬೇನೆ ತಡೆಯದೆ ದಿನಾಲು ನೋವಿನ ಗುಳಿಗೆ ನುಂಗಿದರೆ ಹೊಟ್ಟೆಯೊಳಗೆ ಹುಣ್ಣಾಗಿ ಸ್ವಲ್ಪ ಸ್ವಲ್ಪವೇ ರಕ್ತ ಸೋರುತ್ತದೆ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಕೂಡಲೇ ದವಾಖಾನೆಗೆ ಹೋಗಬೇಕು. ಕಬ್ಬಿಣದ ಗುಳಿಗೆ ನುಂಗುವವರಿಗೂ ಮಲ ಕಪ್ಪಾಗುತ್ತದೆ. ಆದ್ದರಿಂದ ಯಾವ ಯಾವ ಗುಳಿಗೆ ತಗೊಳ್ಳುತ್ತೀರಿ ಅಂತ ಡಾಕ್ಟರರಿಗೆ ಹೇಳಿ.

ಹಗೇವು ಬರಿದಾಗಿದೆಯೋ, ಬಾಯಿ ಮುಚ್ಚಿದೆಯೋ? ಇದನ್ನು ತಿಳಿಯಲು ಹಿಮೋಗ್ಲೋಬಿನ್ ಒಂದೇ ಸಾಲದು. ಹೆಂಗಸರಿಗೆ ಅದು 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಇದೆ ಎಂದಷ್ಟೇ ಗೊತ್ತಾಗುತ್ತದೆ. ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವುದು ಫೆರಿಟಿನ್ ಪರೀಕ್ಷೆ. ಅದರಲ್ಲಿಯೂ ಒಂದು ತೊಡಕಿದೆ. ಉರಿಯೂತ ಇದ್ದಾಗ ಫೆರಿಟಿನ್ ಸುಮ್ಮನೆ ಏರುತ್ತದೆ. ಆರೋಗ್ಯವಂತರಲ್ಲಿ 15ಕ್ಕಿಂತ ಕಡಿಮೆ ಇದ್ದರೆ ಕೊರತೆ. ಉರಿಯೂತ ಇರುವವರಲ್ಲಿ 70ಕ್ಕಿಂತ ಕಡಿಮೆ ಇದ್ದರೂ ಕೊರತೆ ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದ್ದರಿಂದ ರಿಪೋರ್ಟಿನಲ್ಲಿ "ನಾರ್ಮಲ್" ಎಂದಿದ್ದರೂ "ನನಗೆ ಸಂಧಿವಾತ ಇದೆ, ಇದು ಸಾಕೇ?" ಎಂದು ಕೇಳಿರಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಈಗ ಎಲುಬಿನ ಮಾತು. ಎಲುಬು ಕಲ್ಲಿನಂತೆ ಸುಮ್ಮನೆ ಬಿದ್ದಿರುವುದಲ್ಲ. ಅದರೊಳಗೆ ಕೆಡವುವ ಕಣಗಳು, ಕಟ್ಟುವ ಕಣಗಳು ಎಂದು ಎರಡು ತಂಡ ಹಗಲು-ರಾತ್ರಿ ಕೆಲಸ ಮಾಡುತ್ತವೆ. ಉರಿಯೂತ ಬಂದರೆ ಕೆಡವುವವರ ಕೈ ಮೇಲಾಗುತ್ತದೆ. ಮೊದಲು ಕೀಲಿನ ಹತ್ತಿರದ ಎಲುಬು, ಆಮೇಲೆ ಸೊಂಟ, ಬೆನ್ನಿನ ಎಲುಬೂ ಸವೆಯುತ್ತವೆ. ಇಲ್ಲಿಯೂ ಕಬ್ಬಿಣದ ಪಾತ್ರ ಇದೆ. ಎಲುಬಿನ ನಾರು ಗಟ್ಟಿಯಾಗಲು ಕಬ್ಬಿಣ ಬೇಕು. ಆದರೆ ಅತಿಯಾದರೆ ಅದು ಕೆಡವುವ ಕಣಗಳಿಗೇ ಬಲ ಕೊಡುತ್ತದೆ. ಥಲಸೇಮಿಯಾ ಕಾಯಿಲೆಗೆ ಪದೇ ಪದೇ ರಕ್ತ ಹಾಕಿಸಿಕೊಳ್ಳುವವರ ಎಲುಬು ಸವೆಯಲು ಮೈಯಲ್ಲಿ ಸೇರಿದ ಹೆಚ್ಚಿನ ಕಬ್ಬಿಣವೂ ಒಂದು ಕಾರಣ. ಪರೀಕ್ಷೆ ಇಲ್ಲದೆ ವರ್ಷಗಟ್ಟಲೆ ಗುಳಿಗೆ ನುಂಗಬಾರದು ಎನ್ನುವುದಕ್ಕೆ ಇದೂ ಕಾರಣವೇ.

ಎಲುಬಿಗೆ ಇನ್ನೂ ದೊಡ್ಡ ವೈರಿ ಸ್ಟಿರಾಯ್ಡ್ ಗುಳಿಗೆ. ಪ್ರೆಡ್ನಿಸೊಲೋನ್ ಎಂಬ ಹೆಸರು ನಿಮ್ಮ ಚೀಟಿಯಲ್ಲಿ ಇರಬಹುದು. ನುಂಗಿದ ಎರಡೇ ದಿನದಲ್ಲಿ ಬೇನೆ ಮಾಯ! ಆದರೆ ಮೂರು ತಿಂಗಳು ಬಿಡದೆ ನುಂಗಿದರೆ ಎಲುಬು ಟೊಳ್ಳಾಗತೊಡಗುತ್ತದೆ. ಸಂತೆಯಲ್ಲಿ ಮಾರುವ ಹೆಸರಿಲ್ಲದ "ವಾತದ ಪುಡಿ"ಗಳಲ್ಲಿಯೂ ಇದನ್ನು ಬೆರೆಸಿರುವುದುಂಟು. ಬಹಳ ದಿನದಿಂದ ತಗೊಳ್ಳುತ್ತಿದ್ದರೆ ಒಮ್ಮೆಲೇ ಬಿಡಲೂಬಾರದು, ಜೀವಕ್ಕೆ ಅಪಾಯ. ಡಾಕ್ಟರರು ಹಂತಹಂತವಾಗಿ ಇಳಿಸುತ್ತಾರೆ. ಸಾದಾ ಎಕ್ಸ್‌ರೇಯಲ್ಲಿ ಎಲುಬಿನ ಸವೆತ ಕಾಣುವಷ್ಟರಲ್ಲಿ ಬಹಳ ತಡವಾಗಿರುತ್ತದೆ. ಅದಕ್ಕೆ ಡೆಕ್ಸಾ ಎಂಬ ಪರೀಕ್ಷೆ ಬೇರೆ ಇದೆ.

ಊಟದ ವಿಷಯ ನಿಮಗೆ ಗೊತ್ತಿದ್ದದ್ದೇ. ಹಾಲು, ಮಜ್ಜಿಗೆ, ಮೆಂತ್ಯ ಪಲ್ಲೆ, ಕಾಳು. ಭೋಗಿ ದಿನ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತೇವಲ್ಲ, ಆ ಎಳ್ಳು ವರ್ಷಕ್ಕೊಮ್ಮೆ ಯಾಕೆ, ವಾರಕ್ಕೆ ಎರಡು ಸಲ ಇರಲಿ. ದಿನಾಲು ಸ್ವಲ್ಪ ಬಿಸಿಲು ಮೈಗೆ ಬೀಳಲಿ. ಪಲ್ಲೆಯ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ, ಊಟದ ಜೊತೆ ಚಹಾ ಕುಡಿದರೆ ಹತ್ತುವುದಿಲ್ಲ. ಡಾಕ್ಟರರು ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ ಗುಳಿಗೆ ಕೊಟ್ಟಿದ್ದರೆ ಒಟ್ಟಿಗೆ ನುಂಗಬೇಡಿ. ಒಂದು ಮುಂಜಾನೆ, ಒಂದು ರಾತ್ರಿ.

ಕೊನೆಗೆ ಒಂದು ಓದಿನ ಕೆಲಸ. ನಮ್ಮ ಕಡೆ ಡಾಕ್ಟರರು ಮರಾಠಿಯಲ್ಲಿ ಹೇಳುತ್ತಾರೆ, ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ, ನಾವು ಕನ್ನಡ ಓದುವವರು. ಸಂಧಿವಾತಕ್ಕೆ ಕೊಡುವ ಮುಖ್ಯ ಗುಳಿಗೆ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ದಿನಾಲು ನುಂಗಿದರೆ ಬಾಯಲ್ಲಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವ ಹೋದದ್ದುಂಟು. ಗರ್ಭಿಣಿಯರಿಗೂ, ಮಗು ಬೇಕೆನ್ನುವವರಿಗೂ ಇದು ಆಗದು. ಮೊದಲೇ ಡಾಕ್ಟರರಿಗೆ ಹೇಳಬೇಕು. ಮರಾಠಿಯಲ್ಲಿ "ಆಠವಡ್ಯಾತೂನ ಏಕದಾ" ಎಂದರೆ ವಾರಕ್ಕೆ ಒಂದು ಸಲ, "ದರರೋಜ" ಎಂದರೆ ದಿನಾಲು. ಈ ಎರಡರಲ್ಲಿ ಯಾವುದು ಅಂತ ಡಾಕ್ಟರರನ್ನು ಎರಡು ಸಲ ಕೇಳಿರಿ. ಮನೆಗೆ ಬಂದು ಆ ಗುಳಿಗೆಯ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ವಾರದ ಹೆಸರು ನೀವೇ ಬರೆಯಿರಿ: "ಸೋಮವಾರ ಮಾತ್ರ".