ಮೀಟರಿಗೆ 12.6, ಮೋಟಾರಿಗೆ 5

ಮಲ್ಪೆಯ ದಕ್ಕೆಯಿರಲಿ, ಮುರ್ಡೇಶ್ವರದ ಕಡಲತೀರವಿರಲಿ, ಪ್ರವಾಸಿಗರನ್ನು ಸುತ್ತಾಡಿಸುವ ಮೋಟಾರು ದೋಣಿ ಕೈಕೊಡುವ ಒಂದು ಪರಿಚಿತ ಬಗೆ ಇದೆ. ಕೀ ತಿರುಗಿಸಿದರೆ ಸೆಲ್ಫ್ 'ಟಕ್' ಎನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ಪ್ಯಾನೆಲ್ಲಿನ ದೀಪಗಳು ಆ ಗಳಿಗೆಗೆ ಮಂಕಾಗಿ, ಕೀ ಬಿಟ್ಟೊಡನೆ ಮತ್ತೆ ಬೆಳಗುತ್ತವೆ. ಬ್ಯಾಟರಿ ಡೌನ್ ಆಗಿದೆ ಎಂದುಕೊಂಡು ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್, ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಲಕ್ಷಣ. ಆದರೂ ನಂಬಿಕೆ ಬಾರದೆ ಹೊಸ ಬ್ಯಾಟರಿ ತಂದು ಕೂರಿಸಿದರೆ ಮತ್ತದೇ 'ಟಕ್'.

ಪಳಗಿದ ಮೆಕ್ಯಾನಿಕ್ ಇಲ್ಲಿ ಬೇರೆಯೇ ದಾರಿ ಹಿಡಿಯುತ್ತಾನೆ. ಮೀಟರಿನ ಒಂದು ಪ್ರೋಬನ್ನು ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದನ್ನು ಆ ಕಂಬವನ್ನು ಕಚ್ಚಿಕೊಂಡಿರುವ ಕ್ಲ್ಯಾಂಪಿನ ಮೇಲೆ ಒತ್ತಿ ಹಿಡಿದು, "ಈಗ ಸೆಲ್ಫ್ ಹೊಡಿ ಮಾರಾಯ" ಎನ್ನುತ್ತಾನೆ. ಒಂದಕ್ಕೊಂದು ತಾಗಿಕೊಂಡೇ ಇರುವ ಎರಡು ಲೋಹಗಳ ನಡುವೆ ಸೊನ್ನೆಯ ಆಸುಪಾಸು ಇರಬೇಕಾದ ಅಂಕಿ 7ಕ್ಕೆ ಜಿಗಿಯುತ್ತದೆ. ಕ್ಲ್ಯಾಂಪ್ ಬಿಚ್ಚಿ ನೋಡಿದರೆ ಒಳಮೈಯಲ್ಲಿ ಹಸಿರು ಕಿಲುಬು, ಬಿಳಿ ಪುಡಿ. ಕೆಟ್ಟದ್ದು ಬ್ಯಾಟರಿಯಲ್ಲ, ಮೋಟಾರೂ ಅಲ್ಲ, ಅವುಗಳ ನಡುವಿನ ಒಂದು ಜೋಡಣೆ.

ನೋಡಲು ಚಿಟಿಕೆ ಹೊಡೆಯುವಷ್ಟು ಸುಲಭದ ಈ ಪರೀಕ್ಷೆಯ ಹಿಂದೆ ದೊಡ್ಡ ವಿಚಾರವೊಂದಿದೆ. ಕರೆಂಟ್ ಹರಿಯುತ್ತಿರುವಾಗಲೂ ತಂತಿಯುದ್ದಕ್ಕೂ ವೋಲ್ಟೇಜ್ ಇರುತ್ತದೆ; ದಾರಿಯ ಒಂದೊಂದು ತುಣುಕೂ ತನ್ನ ಅಡ್ಡಿಗೆ ತಕ್ಕ ಪಾಲನ್ನು ಅದರಿಂದ ಕಿತ್ತುಕೊಳ್ಳುತ್ತದೆ. ಇಂದು ಹೈಸ್ಕೂಲಿನ ಹುಡುಗರು ಬಾಯಿಪಾಠ ಮಾಡುವ ಈ ಮಾತನ್ನು ಇನ್ನೂರು ವರ್ಷಗಳ ಹಿಂದೆ ಯುರೋಪಿನ ಅತಿ ಬುದ್ಧಿವಂತರೂ ಒಪ್ಪುತ್ತಿರಲಿಲ್ಲ. ಅದನ್ನು ಕಂಡುಕೊಂಡವನು ಒಬ್ಬ ಶಾಲಾ ಮೇಷ್ಟ್ರು.

ವೋಲ್ಟಾ ತನ್ನ ಬ್ಯಾಟರಿಯನ್ನು ಜಗತ್ತಿಗೆ ತಿಳಿಸಿದ್ದು 1800ರಲ್ಲಿ. ಕರೆಂಟ್ ಹರಿಯುವ ತಂತಿ ಪಕ್ಕದ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆಂದು ಡೆನ್ಮಾರ್ಕಿನ ಓರ್‌ಸ್ಟೆಡ್ ತೋರಿಸಿದ್ದು 1820ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಆಂಪೇರ್ ವಿದ್ಯುತ್ತಿನ ಎರಡು ಮುಖಗಳನ್ನು ಬೇರ್ಪಡಿಸಿದ. ಬ್ಯಾಟರಿಯ ತುದಿಗಳು ಬಿಡಿಯಾಗಿದ್ದಾಗ ಕಾಣುವುದು ಒತ್ತಡ, ತುದಿಗಳನ್ನು ಕೂಡಿಸಿದಾಗ ಕಾಣುವುದು ಪ್ರವಾಹ. ಪ್ರವಾಹ ಶುರುವಾದರೆ ಒತ್ತಡ ಇಲ್ಲವಾಗುತ್ತದೆ ಎಂಬುದು ಅವನ ಗ್ರಹಿಕೆ. ಆ ಕಾಲದ ಉಪಕರಣಗಳೂ ಅದನ್ನೇ ಹೇಳುತ್ತಿದ್ದವು. ಹೀಗಿರುವಾಗ ಹರಿವಿನ ನಡುವೆ ಒತ್ತಡವನ್ನು ಅಳೆಯುವ ಯೋಚನೆ ಯಾರಿಗೆ ತಾನೆ ಹೊಳೆದೀತು?

ತಂತಿ ಉದ್ದವಾದಷ್ಟೂ ಕರೆಂಟ್ ಕುಗ್ಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಎಷ್ಟು ಕುಗ್ಗುತ್ತದೆ ಎಂಬಲ್ಲಿ ಮಾತ್ರ ಒಮ್ಮತವಿರಲಿಲ್ಲ. ಉದ್ದದ ವರ್ಗಮೂಲಕ್ಕೆ ತಕ್ಕಂತೆ ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1825ರಲ್ಲಿ ಹೇಳಿದ. ಹೆನ್ರಿ ಕ್ಯಾವೆಂಡಿಶ್ ಅದಕ್ಕೂ ಎಷ್ಟೋ ಮೊದಲೇ, ತನ್ನ ಮೈಗೆ ಶಾಕ್ ಕೊಟ್ಟುಕೊಂಡು, ಅದರ ಬಿರುಸನ್ನೇ ಅಳತೆಗೋಲಾಗಿಸಿ ಸತ್ಯಕ್ಕೆ ತೀರ ಹತ್ತಿರ ಹೋಗಿದ್ದ. ಆದರೆ ಅದನ್ನು ಅಚ್ಚು ಹಾಕಿಸಲಿಲ್ಲ. ಮ್ಯಾಕ್ಸ್‌ವೆಲ್ ಆ ಟಿಪ್ಪಣಿಗಳನ್ನು ಪ್ರಕಟಿಸುವ ಹೊತ್ತಿಗೆ 1879 ಆಗಿತ್ತು.

ಗೇಯಾರ್ಗ್ ಸೈಮನ್ ಓಮ್ ಹುಟ್ಟಿದ್ದು 1789ರಲ್ಲಿ, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ತಂದೆ ಬೀಗ ಮಾಡುವ ಕಮ್ಮಾರ. ಶಾಲೆಯ ಓದು ಹೆಚ್ಚಿಲ್ಲದಿದ್ದರೂ ಸ್ವಂತ ಶ್ರಮದಿಂದ ಗಣಿತ ಕಲಿತು ಇಬ್ಬರು ಗಂಡುಮಕ್ಕಳಿಗೂ ಕಲಿಸಿದ. ತಮ್ಮ ಮಾರ್ಟಿನ್ ಗಣಿತಜ್ಞನಾದ. ಗೇಯಾರ್ಗ್‌ನಿಗೆ ಅಪ್ಪನಿಂದ ಗಣಿತದ ಜೊತೆಗೆ ಕೈಕಸುಬೂ ಬಂತು. 1817ರಲ್ಲಿ ಕಲೋನ್ ನಗರದ ಜೆಸ್ಯೂಟ್ ಶಾಲೆಯಲ್ಲಿ ಗಣಿತ, ಭೌತವಿಜ್ಞಾನಗಳ ಮೇಷ್ಟ್ರಾಗಿ ಸೇರಿದ. ಅಲ್ಲಿ ಒಳ್ಳೆಯ ಪ್ರಯೋಗಶಾಲೆಯಿತ್ತು. ಪಾಠ ಮುಗಿದ ಮೇಲಿನ ಹೊತ್ತೆಲ್ಲ ಅವನದು ಅಲ್ಲೇ ಕಳೆಯಿತು.

1825ರ ಮೊದಲ ಪ್ರಯೋಗಗಳಲ್ಲಿ ಓಮ್ ಬಳಸಿದ್ದು ವೋಲ್ಟಾ ಮಾದರಿಯ ಬ್ಯಾಟರಿ. ಬೇರೆ ಬೇರೆ ಉದ್ದದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ಕಾಂತದ ಮುಳ್ಳು ಎಷ್ಟು ತಿರುಗುತ್ತದೆಂದು ನೋಡಿ, ಬಲ ಎಷ್ಟು ನಷ್ಟವಾಯಿತೆಂದು ಬರೆದುಕೊಂಡ. ಆದರೆ ಬ್ಯಾಟರಿ ಹೇಳಿದಂತೆ ಕೇಳಲಿಲ್ಲ. ತಂತಿ ಜೋಡಿಸಿದೊಡನೆ ಮುಳ್ಳು ಜೋರಾಗಿ ಏಳುತ್ತದೆ, ಮರುಗಳಿಗೆಯಲ್ಲೇ ಬಲ ಕುಸಿಯತೊಡಗುತ್ತದೆ. ತಂತಿ ತೆಗೆದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ದೋಣಿಯವರಿಗೂ ಇದು ಹೊಸತಲ್ಲ. ಚಾರ್ಜರಿನಿಂದ ಆಗಷ್ಟೇ ಬಿಡಿಸಿದ ಹಳೆಯ ಬ್ಯಾಟರಿ 13 ವೋಲ್ಟ್ ತೋರಿಸಿ, ಸೆಲ್ಫಿನ ಭಾರ ಬಿದ್ದೊಡನೆ ಕುಸಿಯುತ್ತದೆ. ಓಮ್ ಹೇಗೋ ಸಂಭಾಳಿಸಿ ಲಾಗರಿದಮ್ ಬಳಸಿದ ಒಂದು ಸೂತ್ರ ಹೊಂದಿಸಿ ಪ್ರಕಟಿಸಿದ. ಅವನ ಅಂಕಿಗಳಿಗೆ ಅದು ಹೊಂದಿತ್ತು, ಆದರೆ ನಿಯಮ ಅದಾಗಿರಲಿಲ್ಲ.

ಆಗ ದಾರಿ ತೋರಿಸಿದವನು ವಿಜ್ಞಾನ ಪತ್ರಿಕೆಯೊಂದರ ಸಂಪಾದಕ ಪೊಗೆನ್‌ಡೋರ್ಫ್. ಬ್ಯಾಟರಿ ಬಿಟ್ಟು ಉಷ್ಣವಿದ್ಯುತ್ ಬಳಸಬಾರದೇಕೆ ಎಂದು ಅವನು ಸೂಚಿಸಿದ. ಎರಡು ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಕರೆಂಟ್ ಹುಟ್ಟುತ್ತದೆಂದು ಸೀಬೆಕ್ 1821ರಲ್ಲಿ ಕಂಡುಕೊಂಡಿದ್ದ. ಓಮ್ ಬಿಸ್ಮತ್ ಮತ್ತು ತಾಮ್ರದ ಜೋಡಿಯನ್ನು ಮಾಡಿಕೊಂಡ. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ನೀರು ಕುದಿಯುವಷ್ಟು ಹೊತ್ತೂ, ಮಂಜುಗಡ್ಡೆ ಕರಗುವಷ್ಟು ಹೊತ್ತೂ ಅವುಗಳ ಉಷ್ಣತೆ ಕದಲುವುದಿಲ್ಲ. ಹಾಗಾಗಿ ವಿದ್ಯುತ್ತಿನ ಮೂಲವೂ ಕದಲಲಿಲ್ಲ. ಚಪ್ಪಟೆ ಚಿನ್ನದ ಎಳೆಯಲ್ಲಿ ಕಾಂತದ ಮುಳ್ಳನ್ನು ತೂಗುಹಾಕಿ, ಕರೆಂಟ್ ಅದನ್ನು ತಳ್ಳಿದಾಗ ಎಳೆಯನ್ನು ಮೇಲಿನಿಂದ ತಿರುಚಿ ಮುಳ್ಳನ್ನು ಮೊದಲಿನ ಜಾಗಕ್ಕೇ ತರುತ್ತಿದ್ದ. ಎಷ್ಟು ತಿರುಚಬೇಕಾಯಿತೋ ಅದೇ ಕರೆಂಟಿನ ಅಳತೆ.

1826ರ ಜನವರಿಯಲ್ಲಿ ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ತೆಗೆದುಕೊಂಡ. ಉದ್ದ 2, 4, 6, 10, 18, 34, 66, 130 ಅಂಗುಲ. ಒಂದು ಸರಣಿಯಲ್ಲಿ 2 ಅಂಗುಲದ ತಂತಿಗೆ ಬಂದ ಅಂಕಿ 326.75; 34 ಅಂಗುಲಕ್ಕೆ 134.5, 130 ಅಂಗುಲಕ್ಕೆ 48.5. ಉದ್ದ 65 ಪಟ್ಟು ಹೆಚ್ಚಿದರೂ ಕರೆಂಟ್ ಕುಗ್ಗಿದ್ದು ಏಳು ಪಟ್ಟಿನೊಳಗೆ. ಇದರಲ್ಲಿ ಕ್ರಮ ಎಲ್ಲಿದೆ?

ಓಮ್ ಪ್ರತಿ ಉದ್ದಕ್ಕೂ 20.25 ಕೂಡಿಸಿದ. ಈಗ ಗುಣಿಸಿ ನೋಡಿ. 22.25ನ್ನು 326.75ರಿಂದ ಗುಣಿಸಿದರೆ ಸುಮಾರು 7270. 54.25ನ್ನು 134.5ರಿಂದ ಗುಣಿಸಿದರೆ 7297. 150.25ನ್ನು 48.5ರಿಂದ ಗುಣಿಸಿದರೆ 7287. ಚಿನ್ನದ ಎಳೆ, ಕುದಿಯುವ ನೀರು, ಮಂಜುಗಡ್ಡೆ ಇಟ್ಟುಕೊಂಡು ಮೇಷ್ಟ್ರೊಬ್ಬ ಇಷ್ಟು ಬಿಗಿಯಾದ ಅಳತೆ ಸಾಧಿಸಿದ್ದನ್ನು ನೋಡಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಕರೆಂಟ್ ಎಂದರೆ a ಎಂಬ ಸ್ಥಿರ ಸಂಖ್ಯೆಯನ್ನು b ಮತ್ತು ತಂತಿಯುದ್ದಗಳ ಮೊತ್ತದಿಂದ ಭಾಗಿಸಿದ್ದು. ಓಮನ ನಿಯಮ ಮೊದಲು ಕಾಣಿಸಿಕೊಂಡ ರೂಪ ಇದು.

ಈ ಸೂತ್ರದ ಜೀವಾಳ ಆ 20.25 ಎಂಬ bಯಲ್ಲಿದೆ. ಓಮ್ ಪರೀಕ್ಷಿಸುತ್ತಿದ್ದದ್ದು ಎಂಟು ತಂತಿಗಳನ್ನು, ಆದರೆ ಕರೆಂಟ್ ಅವುಗಳಲ್ಲಷ್ಟೇ ಹರಿಯುತ್ತಿರಲಿಲ್ಲ. ಬಿಸ್ಮತ್ತಿನ ಪಟ್ಟಿ, ತಾಮ್ರದ ಪಟ್ಟಿಗಳು, ಜೋಡಣೆಗಳು ಎಲ್ಲವನ್ನೂ ಹಾದು ಸುತ್ತು ಬರುತ್ತಿತ್ತು. ಅವೆಲ್ಲದರ ಅಡ್ಡಿ ಸೇರಿ 20.25 ಅಂಗುಲ ತಂತಿಗೆ ಸಮ. ಬಿಸಿ-ತಂಪಿನ ಅಂತರವನ್ನು ಅವನು ಕಡಿಮೆ ಮಾಡಿ ನೋಡಿದಾಗ a ಇಳಿಯಿತು, b ಕದಲಲಿಲ್ಲ. ಅಂದರೆ a ಮೂಲದ ಬಲ, ಇಂದಿನ ಮಾತಿನಲ್ಲಿ ವೋಲ್ಟೇಜ್. b ನಮ್ಮ ಕಣ್ಣು ಹೋಗದ ದಾರಿಯ ಅಡ್ಡಿ. ದೋಣಿಯ ಕಿಲುಬು ಹಿಡಿದ ಕ್ಲ್ಯಾಂಪ್ ಅಡಗಿರುವುದು ಈ bಯೊಳಗೇ.

ಅದೇ ವರ್ಷ ಓಮ್ ಅರ್ಧ ಸಂಬಳದ ರಜೆ ಪಡೆದು ಬರ್ಲಿನ್ನಿಗೆ ಹೋದ. 1827ರಲ್ಲಿ ಅಲ್ಲಿಂದ ಅವನ ಪುಸ್ತಕ ಹೊರಬಂತು. ಬಿಸಿಯಾದ ಸರಳಿನಲ್ಲಿ ಶಾಖ ಹೇಗೆ ಹರಿಯುತ್ತದೆಂದು ಫೂರಿಯೆ 1822ರಲ್ಲಿ ಗಣಿತದಲ್ಲಿ ಹಿಡಿದಿಟ್ಟಿದ್ದ. ಓಮ್ ಅದೇ ಹಾದಿಯಲ್ಲಿ ನಡೆದು, ಕರೆಂಟ್ ಹರಿಯುವಾಗ ಒತ್ತಡ ಇಲ್ಲವಾಗುವುದಿಲ್ಲ, ಸುತ್ತಿನುದ್ದಕ್ಕೂ ಇಳಿಯುತ್ತಾ ಹೋಗುತ್ತದೆ, ಅಡ್ಡಿ ಹೆಚ್ಚಿದ್ದಲ್ಲಿ ಇಳಿತವೂ ಕಡಿದು ಎಂದು ಸಾರಿದ. ಪುಸ್ತಕಕ್ಕೆ ತಕ್ಕ ಮನ್ನಣೆ ಸಿಗಲಿಲ್ಲ. ಗಣಿತ ತುಂಬಿದ ಆ ಬರಹ ಹಲವರಿಗೆ ಹಿಡಿಸಲಿಲ್ಲ, ಬರ್ಲಿನ್ನಿನ ವಿಮರ್ಶೆಯೊಂದಂತೂ ಕಟುವಾಗಿತ್ತು. ವಿಶ್ವವಿದ್ಯಾಲಯದ ಹುದ್ದೆಯ ಆಸೆ ಕೈಗೂಡಲಿಲ್ಲ, ಕಲೋನಿನ ಕೆಲಸವನ್ನೂ ಬಿಟ್ಟ. 1833ರಲ್ಲಿ ನ್ಯೂರೆಂಬರ್ಗಿನ ಪಾಲಿಟೆಕ್ನಿಕ್ಕಿಗೆ ಸೇರುವವರೆಗೂ ಅವನಿಗೆ ನೆಲೆಯಾದ ಕೆಲಸವಿರಲಿಲ್ಲ. ಸರಿಯಾದದ್ದನ್ನು ಹೇಳಿದ ಮನುಷ್ಯನನ್ನು ಇಷ್ಟು ವರ್ಷ ಕಾಯಿಸಿದ್ದು ಅನ್ಯಾಯವೇ.

ಮನ್ನಣೆ ಬಂದದ್ದು ಹೊರಗಿನಿಂದ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲೆ ಪದಕ ಕೊಟ್ಟಿತು. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಕಿರ್ಕಾಫ್, ಯಾವುದೇ ಸುತ್ತಿನಲ್ಲಿ ಇಳಿತಗಳೆಲ್ಲವನ್ನೂ ಕೂಡಿಸಿದರೆ ಮೂಲದ ಬಲಕ್ಕೆ ಸರಿಹೋಗಲೇಬೇಕೆಂಬ ಲೆಕ್ಕ ಕೊಟ್ಟ. 1849ರ ಹೊತ್ತಿಗೆ ರುಡಾಲ್ಫ್ ಕೋಲ್‌ರೌಶ್ ಸೂಕ್ಷ್ಮವಾದ ಉಪಕರಣದಿಂದ ಕರೆಂಟ್ ಹರಿಯುತ್ತಿರುವ ಸುತ್ತಿನ ಬೇರೆ ಬೇರೆ ಜಾಗಗಳಲ್ಲಿ ಒತ್ತಡವನ್ನು ಅಳೆದು ಓಮ್ ಹೇಳಿದ್ದು ನಿಜವೆಂದು ತೋರಿಸಿದ. ಇಂದು ದಕ್ಕೆಯಲ್ಲಿ ಮೆಕ್ಯಾನಿಕ್ ಮಾಡುವ ಪರೀಕ್ಷೆ ಇದೇ. ಮುಂದೆ ಕಡಲಡಿಯ ಟೆಲಿಗ್ರಾಫ್ ಕೇಬಲ್ಲುಗಳಲ್ಲಿ ದೋಷ ಎಷ್ಟು ದೂರದಲ್ಲಿದೆಯೆಂದು ದಡದಲ್ಲೇ ಕುಳಿತು ಅಡ್ಡಿಯನ್ನಳೆದು ಅಂದಾಜು ಮಾಡುವುದು ಎಂಜಿನಿಯರುಗಳ ನಿತ್ಯದ ಕೆಲಸವಾಯಿತು. 1852ರಲ್ಲಿ ಮ್ಯೂನಿಕ್ಕಿನಲ್ಲಿ ಪ್ರೊಫೆಸರ್ ಆದ ಓಮ್ ಎರಡೇ ವರ್ಷಕ್ಕೆ ತೀರಿಕೊಂಡ. 1881ರ ಪ್ಯಾರಿಸ್ ಸಮ್ಮೇಳನ ಅವನ ಹೆಸರಿನ ಅಡ್ಡಿಯ ಮಾನವನ್ನು ಒಪ್ಪಿಕೊಂಡಿತು.

ಈಗ ದೋಣಿಯ ಲೆಕ್ಕ ನೋಡೋಣ. ಬ್ಯಾಟರಿಯ ಒಳಗಿನ ಅಡ್ಡಿ 0.01 ಓಮ್, ಕೇಬಲ್ ಮತ್ತು ಸೆಲ್ಫ್ ಮೋಟಾರಿನದು 0.07 ಎಂದಿಟ್ಟುಕೊಳ್ಳಿ. 12.6ನ್ನು 0.08ರಿಂದ ಭಾಗಿಸಿದರೆ 157 ಆಂಪಿಯರ್. ಎಂಜಿನ್ ತಿರುಗಲು ಧಾರಾಳ. ಕಿಲುಬಿನಿಂದ 0.1 ಓಮ್ ಸೇರಿಕೊಂಡರೆ ಒಟ್ಟು 0.18. ಕರೆಂಟ್ 70 ಆಂಪಿಯರಿಗೆ ಇಳಿಯಿತು. ಆ 70 ಆಂಪಿಯರ್ ಕಿಲುಬನ್ನು ದಾಟುವಾಗ 7 ವೋಲ್ಟ್ ಅಲ್ಲೇ ಹೋಯಿತು. ಬ್ಯಾಟರಿಯೊಳಗೆ ಹೋಗುವ 0.7 ಕಳೆದರೆ ಕೇಬಲ್ಲಿಗೂ ಮೋಟಾರಿಗೂ ಸೇರಿ ಉಳಿಯುವುದು 5ರಷ್ಟು. ಬರೇ ಮೀಟರ್ ಹಿಡಿದಾಗ ಹರಿಯುವ ಕರೆಂಟು ಮಾತ್ರ ಒಂದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು. ಅಷ್ಟು ಸಣ್ಣ ಹರಿವಿಗೆ ಕಿಲುಬು ಅಡ್ಡಿಯೇ ಅಲ್ಲ. ಆದ್ದರಿಂದಲೇ ಸುಮ್ಮನಿರುವ ದೋಣಿಯಲ್ಲಿ ಎಲ್ಲಿ ಅಳೆದರೂ 12.6 ಕಾಣುತ್ತದೆ.

ಹಾಗಾಗಿ ಅಳೆಯಬೇಕಾದದ್ದು ಸೆಲ್ಫ್ ಹೊಡೆಯುವಾಗಲೇ. ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ: 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯೇ ಸೋತಿದೆ. ಅದು ನಿಂತರೆ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ಬೋಲ್ಟಿನವರೆಗೆ: ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕ್ಲ್ಯಾಂಪ್, ಮೇನ್ ಸ್ವಿಚ್, ಫ್ಯೂಸ್, ಸೊಲೆನಾಯ್ಡ್ ಎಂದು ಒಂದೊಂದೇ ಹೆಜ್ಜೆ ಹಿಂದೆ ಬನ್ನಿ, ಅಂಕಿ ಎಲ್ಲಿ ಜಿಗಿಯುತ್ತದೋ ಅಲ್ಲಿ ದೋಷ. ಆಮೇಲೆ ನೆಗೆಟಿವ್ ಕಂಬದಿಂದ ಎಂಜಿನ್ನಿನ ಲೋಹದವರೆಗೆ. ಎಷ್ಟೋ ಮಂದಿ ಅರ್ಥ್ ಕಡೆಗೆ ತಿರುಗಿಯೂ ನೋಡುವುದಿಲ್ಲ, ಕರೆಂಟ್ ಮಾತ್ರ ಅಲ್ಲಿಂದಲೇ ವಾಪಸಾಗಬೇಕು.

ತಳದ ನೀರು ಹೊರಹಾಕುವ ಪಂಪು, ದೀಪ, ರೇಡಿಯೋಗಳಿಗೂ ಇದೇ ಕ್ರಮ. ಅವನ್ನು ಆನ್ ಮಾಡಿಟ್ಟು ಅಳೆಯಬೇಕು. ಸುಟ್ಟ ಫ್ಯೂಸಿನ ಎರಡು ತುದಿಗಳ ನಡುವೆ ಪೂರ್ತಿ 12.6 ನಿಲ್ಲುತ್ತದೆ, ಸರಿಯಿರುವ ಫ್ಯೂಸಿನಲ್ಲಿ ಸೊನ್ನೆಯ ಹತ್ತಿರ. ಉಪ್ಪುಗಾಳಿಯಲ್ಲಿ ಬರಿಯ ತಾಮ್ರದ ಎಳೆ ಪ್ಲಾಸ್ಟಿಕ್ ಹೊದಿಕೆಯೊಳಗೇ ಕಪ್ಪಾಗಿ ಹೋಗುವುದರಿಂದ ತಂತಿ ಬದಲಿಸುವಾಗ ತವರ ಲೇಪಿಸಿದ ಮೆರೈನ್ ತಂತಿಯನ್ನೇ ಹಾಕಿ. ಪೆಟ್ರೋಲ್ ಎಂಜಿನ್ ಒಳಗಿರುವ ದೋಣಿಯಾದರೆ ಎಲ್ಲಕ್ಕೂ ಮೊದಲು ಬ್ಲೋವರ್ ಓಡಿಸಿ ಆವಿ ಹೊರಹಾಕಿ. ಕ್ಲ್ಯಾಂಪ್ ಬಿಚ್ಚುವಾಗ ನೆಗೆಟಿವ್ ಮೊದಲು, ಕೂರಿಸುವಾಗ ನೆಗೆಟಿವ್ ಕೊನೆಗೆ.

ಉಜ್ಜಿ, ಬಿಗಿದು, ಎಂಜಿನ್ ತಿರುಗಿದೊಡನೆ ಕೆಲಸ ಮುಗಿಯಿತೆಂದು ಏಳಬೇಡಿ. ಓಮ್ ತನ್ನ ಮೊದಲ ಸೂತ್ರಕ್ಕೆ ಅಂಟಿಕೊಳ್ಳದೆ, ಕದಲದ ಮೂಲವನ್ನು ಹುಡುಕಿಕೊಂಡು ಮರುವರ್ಷ ಮತ್ತೆ ಅಳೆದದ್ದರಿಂದಲೇ ನಿಯಮ ಅವನ ಕೈಗೆ ಸಿಕ್ಕಿತು. ನೀವೂ ಅದೇ ಜಾಗದಲ್ಲಿ, ಅದೇ ಭಾರ ಹೊತ್ತಿರುವಾಗ, ಇನ್ನೊಮ್ಮೆ ಅಳೆಯಿರಿ. 7 ಇದ್ದದ್ದು ಸೊನ್ನೆಯ ಹತ್ತಿರ ಬಂದಿದ್ದರೆ ಮಾತ್ರ ದೋಣಿಗೆ ಜನರನ್ನು ಹತ್ತಿಸಿ.