ಉಚಿತ ಆ್ಯಂಟಿವೈರಸ್ ತಂತ್ರಾಂಶ: ಶಾಲೆಗೆ ಸಾಕೆ?

ಅಂಕಪಟ್ಟಿ, ದಾಖಲಾತಿ ವಿವರ, ಪ್ರಶ್ನೆಪತ್ರಿಕೆ ಮೊದಲಾದವು ಇಂದು ಶಾಲೆಯ ಗಣಕಯಂತ್ರದಲ್ಲಿವೆ. ಡಿಟಿಪಿ ಅಂಗಡಿಯಿಂದ ಶಾಲೆಗೆ, ಶಾಲೆಯಿಂದ ಕಚೇರಿಗೆ ಓಡಾಡುವ ಪೆನ್‌ಡ್ರೈವ್ ತನ್ನೊಡನೆ ವೈರಸ್ಸನ್ನೂ ಹೊತ್ತು ತರಬಹುದು. ಕಡತಗಳು ಮರೆಯಾಗಿ ಅವುಗಳ ಜಾಗದಲ್ಲಿ ಬರಿಯ ಶಾರ್ಟ್‌ಕಟ್‌ಗಳು ಕಾಣುವ ತೊಂದರೆ ಅನೇಕ ಶಿಕ್ಷಕರಿಗೆ ಪರಿಚಿತವಾದುದೇ. ಇದರ ತಡೆಗೆ ಹಣ ತೆತ್ತು ತಂತ್ರಾಂಶ ಕೊಳ್ಳಲೇಬೇಕೆ?

ಹಲವು ವರ್ಷಗಳಿಂದ ಉಚಿತ ತಂತ್ರಾಂಶವನ್ನೇ ಬಳಸಿ ತೃಪ್ತಿ ಪಡೆದಿರುವ ನನ್ನ ಅಭಿಪ್ರಾಯದಲ್ಲಿ, ಶಾಲೆಯ ದಿನನಿತ್ಯದ ಕೆಲಸಕ್ಕೆ ಅದು ಸಾಕು. ಆ್ಯಂಟಿವೈರಸ್ ಕಡತವನ್ನು ಎರಡು ಬಗೆಯಲ್ಲಿ ಪರೀಕ್ಷಿಸುತ್ತದೆ: ತಿಳಿದಿರುವ ವೈರಸ್‌ಗಳ ಗುರುತುಗಳೊಡನೆ ಹೋಲಿಸುವುದು ಒಂದು, ಸಂಶಯಾಸ್ಪದ ವರ್ತನೆಯನ್ನು ಗಮನಿಸುವುದು ಇನ್ನೊಂದು. ಈ ಮೂಲ ಕೆಲಸವನ್ನು ಉಚಿತ ಆವೃತ್ತಿಯೂ ಮಾಡುತ್ತದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್‌ನ ಡಿಫೆಂಡರ್ ವ್ಯವಸ್ಥೆಯೊಳಗೇ ಸೇರಿಕೊಂಡಿದೆ.

ಆದರೆ ವಿಮರ್ಶಕರ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ.

ಮೊದಲನೆಯದು, ಖಾಸಗಿತನ. ಅವಾಸ್ಟ್ ಸಂಸ್ಥೆಯು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಬಳಕೆದಾರರ ಜಾಲಸಂಚಾರದ ವಿವರಗಳನ್ನು ಮಾರುತ್ತಿತ್ತು. ಆಕ್ಷೇಪ ಎದ್ದ ಮೇಲೆ, 2020ರಲ್ಲಿ, ಆ ಅಂಗಸಂಸ್ಥೆ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಪ್ರಕರಣದಲ್ಲಿ 1.65 ಕೋಟಿ ಡಾಲರ್ ತೆರುವಂತೆ ವಿಧಿಸಿತು. ಹಣ ಕೇಳದವರು ಬೇರೇನನ್ನು ಪಡೆಯುತ್ತಿದ್ದಾರೆಂದು ನಾವು ವಿಚಾರಿಸಲೇಬೇಕು.

ಎರಡನೆಯದು, ಪರವಾನಗಿ. ಅನೇಕ ಉಚಿತ ಆವೃತ್ತಿಗಳಿಗೆ ಮನೆಯ ಸ್ವಂತ ಬಳಕೆಗಷ್ಟೇ ಅನುಮತಿ ಇರುತ್ತದೆ. ಶಾಲೆಯಲ್ಲಿ ಅಳವಡಿಸುವ ಮುನ್ನ ನಿಬಂಧನೆಯನ್ನು ಓದಬೇಕು. ಇಲ್ಲಿ ‘ಉಚಿತ’ ಮತ್ತು ‘ಮುಕ್ತ’ ಎಂಬ ಭೇದವನ್ನು ನೆನೆಯುವುದು ಒಳಿತು. ಕ್ಲ್ಯಾಮ್‌ಎವಿ ಮುಕ್ತ ತಂತ್ರಾಂಶವಾದ್ದರಿಂದ ಅದರ ಆಕರ ಸಂಕೇತವನ್ನು ಯಾರೂ ಪರಿಶೀಲಿಸಬಹುದು, ಶಾಲೆಯೂ ನಿರಾತಂಕವಾಗಿ ಬಳಸಬಹುದು. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಬಳಕೆಗೆ ತಂದಿರುವ ಲಿನಕ್ಸ್ ವ್ಯವಸ್ಥೆಯೂ ಮುಕ್ತವೇ. ವಿಂಡೋಸ್ ವೈರಸ್ ಸಾಮಾನ್ಯವಾಗಿ ಅದರಲ್ಲಿ ಕೆಲಸ ಮಾಡದು. ಆದರೆ ಪೆನ್‌ಡ್ರೈವ್‌ನಲ್ಲಿ ಕುಳಿತು ಮುಂದಿನ ಗಣಕಕ್ಕೆ ಸಾಗಬಲ್ಲದು. ಆದುದರಿಂದ ಕಾಸರಗೋಡು, ವಯನಾಡಿನ ಶಿಕ್ಷಕರಿಗೂ ಎಚ್ಚರ ಬೇಕು.

ಮೂರನೆಯದು, ಹುಸಿ ಧೈರ್ಯ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಆ ಮಾರ್ಚ್‌ನಲ್ಲೇ ಬಿಡುಗಡೆ ಮಾಡಿತ್ತು. ಪರಿಷ್ಕರಣೆ ಮಾಡಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದನ್ನೂ ಶಾಲೆಗಳು ಗಮನಿಸಬೇಕು. ದುರಸ್ತಿಯಾಗದ ವ್ಯವಸ್ಥೆಯನ್ನು ದುಬಾರಿ ತಂತ್ರಾಂಶವೂ ಪೂರ್ಣವಾಗಿ ಕಾಯಲಾರದು.

ಆದಕಾರಣ ಶಿಕ್ಷಕರು ಪಾಲಿಸಬೇಕಾದ ಕ್ರಮಗಳು ಇವು:

1. ಒಂದು ಗಣಕದಲ್ಲಿ ಒಂದೇ ಆ್ಯಂಟಿವೈರಸ್ ಚಾಲನೆಯಲ್ಲಿರಲಿ. ಎರಡಿದ್ದರೆ ಪರಸ್ಪರ ಅಡ್ಡಿಯಾಗುತ್ತವೆ.
2. ತಂತ್ರಾಂಶವನ್ನು ತಯಾರಕರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿರಿ.
3. ವೈರಸ್ ಗುರುತುಗಳನ್ನೂ ಕಾರ್ಯವ್ಯವಸ್ಥೆಯನ್ನೂ ತಪ್ಪದೆ ಪರಿಷ್ಕರಿಸಿರಿ.
4. ಪೆನ್‌ಡ್ರೈವ್ ತೆರೆಯುವ ಮುನ್ನ ಪರೀಕ್ಷಿಸಿರಿ.
5. ಮುಖ್ಯ ಕಡತಗಳ ಪ್ರತಿಯನ್ನು ಗಣಕದಿಂದ ಬೇರ್ಪಡಿಸಿದ ಡಿಸ್ಕಿನಲ್ಲಿ ಇರಿಸಿರಿ.

ಇವುಗಳಲ್ಲಿ ಕೊನೆಯದನ್ನು ಯಾವ ಆ್ಯಂಟಿವೈರಸ್ಸೂ ನಮಗಾಗಿ ಮಾಡಿಕೊಡದು. ಮಕ್ಕಳ ಹೆಸರು, ಜನ್ಮದಿನಾಂಕ, ವಿಳಾಸಗಳನ್ನು ಪೋಷಕರು ಶಾಲೆಯನ್ನು ನಂಬಿ ಒಪ್ಪಿಸಿದ್ದಾರೆ. ಅವುಗಳನ್ನು ಕಾಯುವ ಹೊಣೆ ನಮ್ಮದು.